ಯಾರದೋ ಸ್ಲೈಡು, ನನ್ನ ಮುಖಪುಟ

ಹಳೆಯ ಸಾಮಾನಿನ ರಾಶಿಯಲ್ಲಿ ಸಿಕ್ಕ ಡಬ್ಬದೊಳಗೆ ಸುಮಾರು 140 ಸ್ಲೈಡುಗಳಿದ್ದವು, ಅಂದರೆ ಪುಟ್ಟ ಚೌಕಟ್ಟಿಗೆ ಕೂರಿಸಿದ ಬಣ್ಣದ ಫಿಲ್ಮಿನ ತುಣುಕುಗಳು. ತೆಗೆದವರು ಯಾರೆಂದು ಎಲ್ಲೂ ಬರೆದಿರಲಿಲ್ಲ. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕೆಂಪು ಕೋಟು ತೊಟ್ಟ ಹೆಂಗಸೊಬ್ಬರು ಬೆನ್ನು ತಿರುಗಿಸಿ ಎಡ ಅಂಚಿಗೆ ಅಂಟಿಕೊಂಡಂತೆ ನಿಂತಿದ್ದರು. ಉಳಿದದ್ದೆಲ್ಲ ಮಂಜು. ತೆಗೆದವರು ಅದನ್ನು ಕೆಟ್ಟ ಫೋಟೊ ಎಂದುಕೊಂಡಿರಬಹುದು. ನನಗೆ ಮಾತ್ರ ಅಕ್ಷರಗಳಿಗೆ ಅಲ್ಲಿರುವ ಜಾಗ ಕಣ್ಣಿಗೆ ಬಿತ್ತು.

ಆ ಹೊತ್ತಿಗೆ ನಾನು ಪುಸ್ತಕಗಳಿಗೆ ಮುಖಪುಟ ಮಾಡಲು ಶುರುಮಾಡಿ ಕೆಲವು ವರ್ಷಗಳಾಗಿದ್ದವು. ಬೇಕಾದ ಫೋಟೊಗಳನ್ನು ನಾನೇ ತೆಗೆಯುತ್ತಿದ್ದೆ. ಪ್ರತಿಯೊಂದರಲ್ಲೂ ವಸ್ತು ನಡುವಿನಲ್ಲಿ, ಬೆಳಕು ಅಚ್ಚುಕಟ್ಟು, ಮೂಲೆ ಮೂಲೆಯೂ ತುಂಬಿರುತ್ತಿತ್ತು. ಆಮೇಲೆ ಶೀರ್ಷಿಕೆಯನ್ನು ಅದರ ಮೇಲೆ ಹೇರಬೇಕಾಗುತ್ತಿತ್ತು. ಫೋಟೊವಾಗಿ ಪೂರ್ತಿಯಾದ ಚಿತ್ರ ಮುಖಪುಟಕ್ಕೆ ಒದಗುವುದು ಕಷ್ಟ ಎಂದು ಮನದಟ್ಟಾದದ್ದು ಆ ಡಬ್ಬದಿಂದಲೇ.

ಸ್ಲೈಡನ್ನು ಕಂಪ್ಯೂಟರಿಗೆ ತರುವುದನ್ನು ಕಲಿಯುವಾಗ ನನ್ನ ಕೈಯಿಂದ ಒಂದು ಅನಾಹುತವಾಯಿತು. ಬೂಷ್ಟಿನ ಎಳೆಗಳು ಹಬ್ಬಿದ್ದ ಒಂದು ಸ್ಲೈಡನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಬೂಷ್ಟಿನ ಜೊತೆಗೆ ಚಿತ್ರವೂ ಬಟ್ಟೆಗೆ ಬಂತು. ಫಿಲ್ಮಿನ ಮೇಲೆ ಬಣ್ಣ ಹಿಡಿದಿರುವುದು ಜಿಲೆಟಿನ್ ಪದರ. ಬೂಷ್ಟು ಅದನ್ನು ತಿಂದರೆ ಆ ಪದರ ನೀರಿನಲ್ಲಿ ಕರಗುವಂತಾಗುತ್ತದೆ. ಯಾರೋ ಜೋಪಾನ ಮಾಡಿದ್ದ ಒಂದೇ ಒಂದು ಪ್ರತಿಯನ್ನು ನಾನು ಅಳಿಸಿಬಿಟ್ಟಿದ್ದೆ. ಆ ಸಂಕಟ ಇನ್ನೂ ಇದೆ. ಅಂದಿನಿಂದ ಗಾಳಿ ಊದುವ ರಬ್ಬರ್ ಬುರುಡೆ, ಮೆತ್ತನೆಯ ಬ್ರಷ್ ಇವೆರಡೇ. ಹೋಗದ ಕಲೆಗಳನ್ನು ತೆರೆಯ ಮೇಲೆ ಒಂದೊಂದಾಗಿ ತೆಗೆಯುತ್ತೇನೆ.

ಸ್ಲೈಡನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡುವುದೂ ಅಭ್ಯಾಸವಾಗಿದೆ. ಮಂಕಾದ ಬದಿಯಲ್ಲಿ ಚಿತ್ರ ಕೆತ್ತಿದಂತೆ ಉಬ್ಬಿ ಕಂಡರೆ ಅದು ಬಹುಮಟ್ಟಿಗೆ ಕೊಡಾಕ್ರೋಮ್. 2009ರಲ್ಲಿ ತಯಾರಿಕೆ ನಿಂತುಹೋದ ಆ ಫಿಲ್ಮು, ಕತ್ತಲಲ್ಲಿಟ್ಟಿದ್ದರೆ, ದಶಕಗಳ ನಂತರವೂ ಬಣ್ಣ ಬಿಟ್ಟುಕೊಡುವುದಿಲ್ಲ. ಅದೇ ಕಂಪನಿಯ ಇನ್ನೊಂದು ಫಿಲ್ಮಾದ, ಅದೇ ಕಾಲದ ಹಲವು ಎಕ್ಟಾಕ್ರೋಮ್‌ಗಳು ಕೆನ್ನೀಲಿ-ಗುಲಾಬಿಗೆ ತಿರುಗಿರುತ್ತವೆ. ಕೊಡಾಕ್ರೋಮ್ ಸ್ಕ್ಯಾನ್ ಮಾಡುವಾಗ ಧೂಳು ತೆಗೆಯುವ ಇನ್‌ಫ್ರಾರೆಡ್ ಸೌಲಭ್ಯವನ್ನು ಬಂದ್ ಮಾಡಿಬಿಡುವುದು ಒಳ್ಳೆಯದು. ಅದು ಚಿತ್ರದ ಗಾಢ ಭಾಗವನ್ನೇ ಧೂಳೆಂದು ತಿಳಿದು ಅಂಚುಗಳನ್ನು ಮಸುಕು ಮಾಡುತ್ತದೆ.

ಈಗ ನಾನು ಸ್ಕ್ಯಾನರ್ ಬಳಸುವುದು ಕಡಿಮೆ. ಲೈಟ್ ಪ್ಯಾನೆಲ್ ಮೇಲೆ ಸ್ಲೈಡು, ಮೇಲಿನಿಂದ ಕ್ಯಾಮೆರಾ, ಅದಕ್ಕೆ ಪುಟ್ಟ ವಸ್ತುಗಳನ್ನು ಹತ್ತಿರದಿಂದ ಹಿಡಿಯುವ ಮ್ಯಾಕ್ರೊ ಲೆನ್ಸು, ಲೆನ್ಸಿನ ಕಿಂಡಿ ಎಫ್/8. ಕ್ಯಾಮೆರಾ ನೇರವಾಗಿದೆಯೇ ಎಂದು ನೋಡಲು ಸ್ಲೈಡಿನ ಜಾಗದಲ್ಲಿ ಪುಟ್ಟ ಕನ್ನಡಿ ಇಡುತ್ತೇನೆ. ಲೆನ್ಸಿನ ಪ್ರತಿಬಿಂಬ ಫ್ರೇಮಿನ ನಟ್ಟನಡುವೆ ಕಂಡರೆ ಆಯಿತು.

ಮಂಜಿನ ಚಿತ್ರವನ್ನು ನಾನು ಹಚ್ಚಿ ನೋಡಿದ್ದು ಮನೆ ಬಿಟ್ಟು ಹೋದ ಅಕ್ಕನ ಕುರಿತ ಒಂದು ಕಾದಂಬರಿಗೆ. ಸ್ಲೈಡು 36×24 ಮಿ.ಮೀ., ಅಡ್ಡ. ಪುಸ್ತಕವೋ 5.5×8.5 ಇಂಚು, ಉದ್ದ. ಮುಂಬದಿಗಷ್ಟೇ ಕ್ರಾಪ್ ಮಾಡಿದರೆ 36ರಲ್ಲಿ ಸುಮಾರು 15.5 ಮಿ.ಮೀ. ಅಗಲ ಮಾತ್ರ ಉಳಿಯುತ್ತಿತ್ತು, ಅರ್ಧಕ್ಕಿಂತ ಹೆಚ್ಚು ಮಂಜು ಕಸಕ್ಕೆ ಹೋಗುತ್ತಿತ್ತು. ಹಿಂಬದಿ, ಅರ್ಧ ಇಂಚಿನ ಬೆನ್ನು, ಮುಂಬದಿ ಮೂರನ್ನೂ ಒಟ್ಟಿಗೆ ಹರಡಿದರೆ ಅಗಲ 11.5 ಇಂಚು. ಆಗ ಸ್ಲೈಡು ಹೆಚ್ಚುಕಡಿಮೆ ಇಡಿಯಾಗಿ ಕೂತಿತು.

ಕೂತ ಮೇಲೆ ಕಂಡದ್ದು ಬೇರೆಯೇ. ಹರಡಿದ ಹಾಳೆಯಲ್ಲಿ ಎಡಗಡೆ ಬರುವುದು ಹಿಂಬದಿ. ಕೆಂಪು ಕೋಟಿನವರು ಅಲ್ಲಿಗೆ ಹೋಗಿಬಿಟ್ಟಿದ್ದರು. ಮುಂದುಗಡೆ ಮಂಜು ಮತ್ತು ಶೀರ್ಷಿಕೆ, ಅಷ್ಟೇ. ಪುಸ್ತಕ ಮಗುಚಿದರೆ ಮಾತ್ರ ಅಕ್ಕ ಸಿಗುತ್ತಾಳೆ, ಆಗಲೂ ಬೆನ್ನು ತಿರುಗಿಸಿಯೇ. ಕಾದಂಬರಿ ಹೇಳುವುದೂ ಅದನ್ನೇ.

ಆದರೆ ಆ ಚಿತ್ರ ನನ್ನದಲ್ಲ. ಸ್ಲೈಡು ಕೈಗೆ ಬಂದ ಮಾತ್ರಕ್ಕೆ ಕೃತಿಸ್ವಾಮ್ಯ ಬರುವುದಿಲ್ಲ. ಹಲವು ದೇಶಗಳಲ್ಲಿ ಅದು ತೆಗೆದವರು ತೀರಿಕೊಂಡು 70 ವರ್ಷದವರೆಗೂ ಅವರ ವಾರಸುದಾರರದ್ದು. ಹೆಸರೇ ಇಲ್ಲದ ಮೇಲೆ ಯಾರನ್ನು ಕೇಳುವುದು? ಕೇಳಲು ಯಾರೂ ಇಲ್ಲ ಎಂಬುದನ್ನೇ ಒಪ್ಪಿಗೆ ಎಂದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಕೆಂಪು ಕೋಟು ಹಾಕಿಸಿ ಇನ್ನೊಬ್ಬರನ್ನು ಹಾಗೆಯೇ ನಿಲ್ಲಿಸಿದರೆ ಅದೂ ನಕಲೇ. ಹಾಗಾಗಿ ಆ ಸ್ಲೈಡು ಕಲಿಸಿದ ಒಂದನ್ನು ಮಾತ್ರ ಉಳಿಸಿಕೊಂಡೆ: ಮುಖ್ಯವಾದದ್ದು ಅಂಚಿಗೆ, ಉಳಿದದ್ದು ಖಾಲಿ.

ಮೂರು ದಿನ ಬೆಳಗ್ಗೆ ಮಂಜಿಗಾಗಿ ಎದ್ದೆ. ನಾಲ್ಕನೆಯ ದಿನ ಸಿಕ್ಕಿತು. ಬಟ್ಟೆ ಒಣಹಾಕುವ ತಂತಿಯ ಎಡತುದಿಯಲ್ಲಿ ಒಂದೇ ಒಂದು ಸ್ವೆಟರು, ತೋಳುಗಳು ಇಳಿಬಿದ್ದು. ತಂತಿ ಬಲಕ್ಕೆ ಹೋಗುತ್ತಾ ಹೋಗುತ್ತಾ ಮಂಜಿನಲ್ಲಿ ಕಾಣೆಯಾಗುತ್ತದೆ. ಮೊದಲಿನ ನಾನಾಗಿದ್ದರೆ ಸ್ವೆಟರನ್ನು ನಡುವಿಗೆ ಎಳೆಯುತ್ತಿದ್ದೆ. ಎಳೆಯದೆ ಕೈ ಕಟ್ಟಿಕೊಂಡು ನಿಂತೆ. ಬೆನ್ನುಡಿಯ ಸಾಲುಗಳನ್ನು ತಂತಿಯ ಕೆಳಗೆ ಇಳಿಸಿದೆ. ಪ್ರಕಾಶಕರು "ಮುಂದುಗಡೆ ಏನೂ ಇಲ್ಲವಲ್ಲ?" ಎಂದರು. ಅಳತೆಗೆ ಕತ್ತರಿಸಿದ ಪ್ರತಿಯನ್ನು ಒಂದು ಪುಸ್ತಕಕ್ಕೆ ಸುತ್ತಿ ಕೈಗೆ ಕೊಟ್ಟೆ. ಒಮ್ಮೆ ಮಗುಚಿ ನೋಡಿದರು, ಮತ್ತೆ ಮಾತಾಡಲಿಲ್ಲ.

ಅಚ್ಚಿಗೆ ಮುಂಚೆ ನೋಡುವ ಮೊದಲ ಪ್ರೂಫ್‌ನಲ್ಲಿ ಮಂಜು ಕೊಳೆಯಾದ ಗೋಡೆಯಂತೆ ಬಂದಿತ್ತು. ತೆರೆಯ ಮೇಲೆ ತಿಳಿಬೂದು ಕಂಡದ್ದು ನಾಲ್ಕು ಬಣ್ಣದ ಮುದ್ರಣದಲ್ಲಿ ಗುಲಾಬಿಗೆ ಜಾರಿತ್ತು, ಮ್ಯಾಟ್ ಲ್ಯಾಮಿನೇಷನ್ ಅದನ್ನು ಇನ್ನಷ್ಟು ಮಂಕು ಮಾಡಿತ್ತು. ಗುಲಾಬಿ ಕೊಡುವ ಮಜೆಂಟಾ ಶಾಯಿ ತಗ್ಗಿಸಿದೆ, ಇಡೀ ಚಿತ್ರವನ್ನು ತುಸು ತಿಳಿಯಾಗಿಸಿದೆ. ಎರಡನೆಯ ಪ್ರೂಫ್‌ನಲ್ಲಿ ಮಂಜು ಮಂಜಾಗಿಯೇ ಬಂತು.