ಹೂಮಳೆ ಬಿದ್ದ ಮೇಲೆ ಲಂಟಾನ ತೆಗೆಯಿರಿ

ಮಳೆಗಾಲಕ್ಕೆ ಮುಂಚೆ ಹಿತ್ತಲು ಚೊಕ್ಕವಾಗಲಿ ಎಂದು ಆಳು ಕರೆಸಿ, ಬೇಲಿ ಬದಿಯ ಲಂಟಾನವನ್ನು ಮೊಣಕಾಲೆತ್ತರಕ್ಕೆ ಸವರಿಸಿ ಬಿಡುತ್ತಾರೆ. ಕೊಡಗಿನಲ್ಲಿ ಪ್ರತಿ ವರ್ಷ ಕಾಣುವ ತಪ್ಪು ಇದು. ಜುಲೈ ನಡುವೆ ಶುರುವಾಗುವ ಕಕ್ಕಡ ತಿಂಗಳು ಬರುವಷ್ಟರಲ್ಲಿ ಒಂದು ಕೋಲಿದ್ದಲ್ಲಿ ಹತ್ತು ಚಿಗುರು. ಕೂಲಿಯೂ ಹೋಯಿತು, ಪೊದೆಯೂ ದಟ್ಟವಾಯಿತು. ಇಂಥ ಕಳೆಗಳನ್ನು ಹತ್ತಿಕ್ಕಲು 1914ರಲ್ಲೇ ಕೊಡಗಿಗೆ ಪ್ರತ್ಯೇಕ ಕಾನೂನು ಬಂದಿತ್ತು. ಆದರೂ ಲಂಟಾನ ಜಗ್ಗಿಲ್ಲ. ಅದರ ಜೀವ ಇರುವುದು ಬುಡದ ಗಂಟಿನಲ್ಲಿ.

ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ಮಣ್ಣು ಮೆತ್ತಗಾದಾಗ ಕೆಲಸ ಶುರು ಮಾಡಿ. ತುಂಬು ತೋಳಿನ ಅಂಗಿ, ಬೂಟು, ದಪ್ಪ ಕೈಗವಸು ಬೇಕು. ಹಾವಿರಬಹುದು, ಮೊದಲು ಉದ್ದ ಕೋಲಿನಿಂದ ಪೊದೆ ಬಡಿಯಿರಿ. ಆಮೇಲೆ ಬುಡ ಕಾಣುವಷ್ಟು ಕೊಂಬೆ ಸವರಿ.

ಈಗ ಕತ್ತಿ ಕೆಳಗಿಡಿ. ಬುಡದ ಮಣ್ಣನ್ನು ಕೈಯಿಂದಲೇ ಕೆದಕಿ. ಕೋಲುಗಳೆಲ್ಲ ಬಂದು ಸೇರುವಲ್ಲಿ ಒರಟಾದ ಗಂಟು ಕೈಗೆ ಸಿಗುತ್ತದೆ. ಚಿಗುರು ಹೊರಡುವುದು ಇಲ್ಲಿಂದ. ಅದರ ಕೆಳಗೆ ತಾಯಿಬೇರು ಇಳಿಯುತ್ತದೆ. ಒಬ್ಬರು ಕೋಲುಗಳನ್ನು ಒಟ್ಟಿಗೆ ಹಿಡಿದು ಬಗ್ಗಿಸಲಿ. ಇನ್ನೊಬ್ಬರು ಪಿಕಾಸಿಯ ಚಪ್ಪಟೆ ಬಾಯಿಯಿಂದ, ನೆಲಮಟ್ಟಕ್ಕಿಂತ 3ರಿಂದ 5 ಸೆಂಟಿಮೀಟರ್ ಕೆಳಗೆ, ತಾಯಿಬೇರಿಗೆ ಹೊಡೆಯಲಿ. ಗಂಟು ಇಡಿಯಾಗಿ ಮೇಲೆ ಬರಬೇಕು. ಅರ್ಧ ಸೀಳಿ ಮಣ್ಣಲ್ಲಿ ಉಳಿದರೆ ಮತ್ತೆ ಕೆದಕಿ ತೆಗೆಯಿರಿ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ಕಾಡಿನಲ್ಲಿ ಮಾಡಿ ತೋರಿಸಿದ ವಿಧಾನ ಇದು.

ನಮ್ಮ ಮನೆಗಳ ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು, ಇರುವುದೇ ಜಾಸ್ತಿ ಅಲ್ವಾ? ಅಲ್ಲಿ ಬೇರನ್ನೆಲ್ಲ ಅಗೆಯಲು ಹೋಗಬೇಡಿ. ಜೆಸಿಬಿಯಂತೂ ಬೇಡವೇ ಬೇಡ. 2018ರಲ್ಲಿ ಬರೆಗಳು ಜಾರಿದ್ದನ್ನು ಕಣ್ಣಾರೆ ಕಂಡವರು ನಾವು. ಗಂಟು ತೆಗೆದರೆ ಸಾಕು, ಕೆಳಗಿನ ಬೇರು ಅಲ್ಲೇ ಕೊಳೆಯುತ್ತದೆ, ಮಣ್ಣೂ ಹೆಚ್ಚು ಕದಲುವುದಿಲ್ಲ.

ಕಿತ್ತ ಪೊದೆಯನ್ನು ಬುಡ ಮೇಲಾಗಿ ನಿಲ್ಲಿಸಿ. ಹಸಿ ಮಣ್ಣು ತಾಗಿದ ಕೊಂಬೆ ಸುಮ್ನೆ ಬಿಟ್ಟರೂ ಬೇರು ಬಿಡುತ್ತದೆ. ಒಣಗಿದರೆ ಒಲೆಗೆ ಸೌದೆ. ಸೊಪ್ಪನ್ನು ಕೊಟ್ಟಿಗೆ ಹತ್ತಿರ ತರಬೇಡಿ. ದನ ತಿಂದರೆ ಲಿವರ್ ಕೆಟ್ಟು, ಬಿಸಿಲಿಗೆ ಚರ್ಮ ಸುಲಿಯುತ್ತದೆ.

ಕಳೆನಾಶಕ ಹೊಡೆದರೆ ಮುಗಿಯಿತು ಎನ್ನುವವರ ಮಾತು ಕೇಳಬೇಡಿ. ನಾನು ಒಮ್ಮೆ ಕೇಳಿದೆ. ಲಂಟಾನದ ಎಲೆ ಉದುರಿತು, ಬುಡ ಮತ್ತೆ ಚಿಗುರಿತು. ಬಾಡಿ ಹೋದದ್ದು ಪಕ್ಕದ ಕಾಳುಮೆಣಸಿನ ಬಳ್ಳಿ. ಬುಡಕ್ಕೆ ಉಪ್ಪು ಸುರಿಯುವುದೂ ಬೇಡ, ಮಣ್ಣು ಕೆಡುತ್ತದೆ. ನರ್ಸರಿಯಲ್ಲಿ ಚೆಂದದ ಬಣ್ಣದ ಲಂಟಾನ ಕಂಡರೂ ಮನೆಗೆ ತರಬೇಡಿ.

ಖಾಲಿಯಾದ ನೆಲವನ್ನು ಹಾಗೇ ಬಿಡಬಾರದು. ಬರೆಗೆ ಲಾವಂಚ ಹಾಕಿ, ಅದರ ಬೇರು ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ. ಲಂಟಾನದ ಕಪ್ಪು ಹಣ್ಣು ತಿಂದ ಪಿಕಳಾರ ಹಕ್ಕಿಗಳು ಸೀಬೆ ಮರದಲ್ಲಿ ಕೂತು ಬೀಜ ಉದುರಿಸುತ್ತವೆ. ಹಾಗಾಗಿ ಪ್ರತಿ ಮಳೆಯ ನಂತರ ಮೊದಲು ನೋಡಬೇಕಾದದ್ದು ಮರದ ಕೆಳಗೆ. ನಾಲ್ಕೆಲೆಯ ಸಸಿಯ ಎಲೆ ಉಜ್ಜಿ ಮೂಸಿ, ಆ ಘಾಟು ವಾಸನೆ ಬಂದರೆ ಬೇರುಸಮೇತ ಎಳೆದುಬಿಡಿ. ಆಗ ಎರಡು ಬೆರಳು ಸಾಕು.