ಬ್ಯಾಕಪ್ ನ್ಯಾಸ್‌ಗೆ ಹೋಗ್ತಿಲ್ಲ ಅಂದ್ರೆ ಎಲ್ಲಿಂದ ಹುಡುಕ್ಬೇಕು

ಸಣ್ಣ ಆಫೀಸ್‌ಗಳಲ್ಲಿ ಬಹುತೇಕ ಇದೇ ಸೆಟಪ್ ಇರತ್ತೆ. ಒಂದು ವಿಂಡೋಸ್ ಸರ್ವರ್, ಅದರಲ್ಲಿ ಟ್ಯಾಲಿ ಡೇಟಾ, ಎಲ್ಲರೂ ಬಳಸೋ ಫೋಲ್ಡರ್‌ಗಳು, ಪಕ್ಕದಲ್ಲಿ ಒಂದು ನ್ಯಾಸ್ (NAS) ಡಬ್ಬ, ಅಂದ್ರೆ ನೆಟ್‌ವರ್ಕ್‌ಗೆ ಸಿಕ್ಕಿಸಿ ಎಲ್ಲರೂ ಬಳಸೋ ಡಿಸ್ಕ್ ಪೆಟ್ಟಿಗೆ, ರಾತ್ರಿ ಹೊತ್ತು ಸರ್ವರ್ ಬ್ಯಾಕಪ್ ಅದಕ್ಕೆ ಹೋಗ್ತಾ ಇರತ್ತೆ. ಒಂದಿನ ಬ್ಯಾಕಪ್ ಫೇಲ್ ಅಂತ ಮೇಲ್ ಬರತ್ತೆ. ನೀವು ಸರ್ವರ್‌ಗೆ ಲಾಗಿನ್ ಆಗಿ ನ್ಯಾಸ್ ಫೋಲ್ಡರ್ ಕ್ಲಿಕ್ ಮಾಡ್ತೀರ, ಆರಾಮಾಗಿ ಓಪನ್ ಆಗತ್ತೆ, ಒಂದು ಫೈಲ್ ಹಾಕಿ ನೋಡ್ತೀರ, ಅದೂ ಹೋಗತ್ತೆ, ಎಲ್ಲಾ ಸರಿ ಇದೆಯಲ್ಲ ಅಂತ ಸರ್ವರ್ ರೀಸ್ಟಾರ್ಟ್ ಮಾಡಿ ಮನೆಗೆ ಹೋದ್ರೆ ಮಾರನೇ ದಿನ ಮತ್ತೆ ಅದೇ ಮೇಲ್. ಯಾಕಂದ್ರೆ ನಿಮ್ಮ ಲಾಗಿನ್‌ನಲ್ಲಿ ಫೋಲ್ಡರ್ ಓಪನ್ ಆಯ್ತು ಅನ್ನೋದು ಬ್ಯಾಕಪ್ ವಿಷಯದಲ್ಲಿ ಏನನ್ನೂ ಹೇಳಲ್ಲ. ಬ್ಯಾಕಪ್ ಓಡೋದು ನಿಮ್ಮ ಹೆಸರಲ್ಲಲ್ಲ, ಬೇರೆ ಅಕೌಂಟ್ ಹೆಸರಲ್ಲಿ. ಆ ಅಕೌಂಟ್ ಕಣ್ಣಿಂದ ನೋಡಿದ್ರೆ ಮಾತ್ರ ನಿಜವಾದ ತೊಂದರೆ ಕಾಣ್ಸತ್ತೆ. ಇದನ್ನ ತಲೆಯಲ್ಲಿಟ್ಟುಕೊಂಡು ಮುಂದಿನದ್ದು ಓದಿ.

ಮೊದಲು ಎರರ್ ನಂಬರ್ ಬರ್ಕೊಳ್ಳಿ, ರೀಸ್ಟಾರ್ಟ್ ಆಮೇಲೆ. ವಿಂಡೋಸ್ ಸರ್ವರ್ ಬ್ಯಾಕಪ್ ಬಳಸ್ತಿದ್ರೆ ಈವೆಂಟ್ ವ್ಯೂವರ್‌ನಲ್ಲಿ ಮೈಕ್ರೋಸಾಫ್ಟ್, ಅದರೊಳಗೆ ವಿಂಡೋಸ್, ಅದರೊಳಗೆ ಬ್ಯಾಕಪ್ ಅಂತ ಒಂದು ಲಾಗ್ ಇರತ್ತೆ, ಬೇರೆ ಸಾಫ್ಟ್‌ವೇರ್ ಆದ್ರೆ ಅದರದ್ದೇ ಲಾಗ್ ನೋಡಿ. 53 ಬಂದಿದ್ರೆ ಪಾತ್ ಸಿಗ್ತಿಲ್ಲ ಅಂತ, ನೆಟ್‌ವರ್ಕ್ ಕಡೆ ಹುಡುಕಿ. 67 ಅಂದ್ರೆ ಹೆಚ್ಚಾಗಿ ಶೇರ್ ಹೆಸರು, ಅಂದ್ರೆ ನ್ಯಾಸ್‌ನಲ್ಲಿ ಹಂಚಿಟ್ಟಿರೋ ಫೋಲ್ಡರ್ ಹೆಸರು, ತಪ್ಪಾಗಿದೆ. 1326 ಅಂದ್ರೆ ಯೂಸರ್‌ನೇಮ್ ಇಲ್ಲಾ ಪಾಸ್‌ವರ್ಡ್ ತಪ್ಪು. 5 ಅಂದ್ರೆ ಒಳಗಡೆ ಬಿಟ್ಟಿದೆ ಆದ್ರೆ ಪರ್ಮಿಷನ್ ಇಲ್ಲ. 112 ಅಂದ್ರೆ ಜಾಗ ಖಾಲಿಯಾಗಿದೆ. 32 ಬಂದ್ರೆ ಹೆಚ್ಚಾಗಿ ನ್ಯಾಸ್ ತಪ್ಪಲ್ಲ, ಯಾರೋ ಆ ಫೈಲ್ ಓಪನ್ ಮಾಡಿಟ್ಟಿದ್ದಾರೆ ಅಂತ, ಟ್ಯಾಲಿ ಕ್ಲೋಸ್ ಮಾಡದೇ ಮನೆಗೆ ಹೋಗಿರೋರು ಯಾರು ಅಂತ ನೋಡಿ. ನಂಬರ್ ಅರ್ಥ ಗೊತ್ತಾಗದಿದ್ರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್ ಹೆಲ್ಪ್‌ಎಂಎಸ್‌ಜಿ (net helpmsg) ಕಮಾಂಡ್ ಕೊಟ್ಟು ನಂಬರ್ ಹಾಕಿದ್ರೆ ವಿಂಡೋಸ್ಸೇ ಅರ್ಥ ಹೇಳತ್ತೆ.

ನ್ಯಾಸ್ ನಿಜವಾಗ್ಲೂ ಅಲ್ಲೇ ಇದೆಯಾ

ಎಲ್ಲರೂ ಮೊದಲು ಪಿಂಗ್ ಮಾಡ್ತಾರೆ, ಅಂದ್ರೆ ಆ ಐಪಿಯಲ್ಲಿ (ನೆಟ್‌ವರ್ಕ್ ವಿಳಾಸದಲ್ಲಿ) ಯಾರಾದ್ರೂ ಇದ್ದಾರಾ ಅಂತ ಕೇಳ್ತಾರೆ, ಮಾಡಿ, ತಪ್ಪಿಲ್ಲ. ಆದ್ರೆ ಪಿಂಗ್‌ಗೆ ಉತ್ತರ ಬಂತು ಅಂದ ಮಾತ್ರಕ್ಕೆ ಉತ್ತರ ಕೊಟ್ಟಿದ್ದು ನ್ಯಾಸೇ ಅಂತ ಹೇಳೋಕಾಗಲ್ಲ. ನಮ್ಮ ಕಡೆ ಆಫೀಸ್‌ಗಳಲ್ಲಿ ಸರ್ವರ್ ಮತ್ತು ನ್ಯಾಸ್ ಯುಪಿಎಸ್ ಮೇಲಿರತ್ತೆ, ರೌಟರ್ ಮಾತ್ರ ಯಾವುದೋ ಗೋಡೆ ಪ್ಲಗ್‌ನಲ್ಲಿ ನೇತಾಡ್ತಿರತ್ತೆ. ಕರೆಂಟ್ ಹೋಗಿ ಬಂದಾಗ ರೌಟರ್ ತಾನು ಯಾರಿಗೆ ಯಾವ ಐಪಿ ಕೊಟ್ಟಿದ್ದೆ ಅನ್ನೋ ಲಿಸ್ಟ್ ಮರೆತುಬಿಟ್ಟು ನ್ಯಾಸ್‌ನ ಐಪಿನ ಪ್ರಿಂಟರ್‌ಗೋ ಯಾರದ್ದೋ ಫೋನ್‌ಗೋ ಕೊಟ್ಬಿಡಬಹುದು. ಆಗ ನೀವು ಪಿಂಗ್ ಮಾಡಿದ್ರೆ ಪ್ರಿಂಟರ್ ಉತ್ತರ ಕೊಡತ್ತೆ, ನೀವು ನ್ಯಾಸ್ ಜೀವಂತ ಇದೆ ಅಂದ್ಕೊಳ್ತೀರ. ಅದಕ್ಕೆ ಪಿಂಗ್ ಆದ ತಕ್ಷಣ ಎಆರ್‌ಪಿ ಕಮಾಂಡ್‌ಗೆ ಎ ಸ್ವಿಚ್ ಹಾಕಿ (arp -a) ಕೊಡಿ, ಆ ಐಪಿ ಮುಂದೆ ಕಾಣೋ ಮ್ಯಾಕ್ ಅಡ್ರೆಸ್ಸನ್ನ (ಪ್ರತಿ ಡಬ್ಬಕ್ಕೂ ಕಂಪನಿ ಕೊಟ್ಟಿರೋ ಗುರುತಿನ ನಂಬರ್) ನ್ಯಾಸ್ ಹಿಂದೆ ಇಲ್ಲಾ ಅಡಿಯಲ್ಲಿ ಅಂಟಿಸಿರೋ ಸ್ಟಿಕ್ಕರ್ ಜೊತೆ ಹೋಲಿಸಿ ನೋಡಿ. ಬೇರೆ ಬೇರೆ ಇದ್ರೆ ಅಲ್ಲೇ ಸಿಕ್ಕಿತು.

ಇನ್ನೊಂದು ತರಹ ಅಂದ್ರೆ ನ್ಯಾಸ್ ಐಪಿ ಕೇಳಿದಾಗ ರೌಟರ್ ಇನ್ನೂ ಎದ್ದಿರಲ್ಲ, ಆಗ ನ್ಯಾಸ್ ತಾನೇ 169.254 ಇಂದ ಶುರುವಾಗೋ ಒಂದು ಐಪಿ ಹಾಕ್ಕೊಂಡು ಕೂತ್ಬಿಡತ್ತೆ, ಯಾರಿಗೂ ಕಾಣಲ್ಲ. ಎರಡಕ್ಕೂ ಔಷಧಿ ಒಂದೇ, ನ್ಯಾಸ್‌ಗೆ ರೌಟರ್ ಹಂಚೋ ರೇಂಜ್‌ನಿಂದ ಹೊರಗಿರೋ ಫಿಕ್ಸ್ ಐಪಿ ಕೊಡಿ, ಇಲ್ಲಾ ರೌಟರ್‌ನಲ್ಲೇ ಆ ಮ್ಯಾಕ್‌ಗೆ ಐಪಿ ರಿಸರ್ವ್ ಮಾಡಿ, ಹಾಗೇ ರೌಟರ್ ಮತ್ತು ಸ್ವಿಚ್‌ನೂ ಯುಪಿಎಸ್‌ಗೆ ಹಾಕಿ, ಅವು ಎಳೆಯೋ ಕರೆಂಟ್ ತುಂಬಾ ಕಮ್ಮಿ.

ಡಬ್ಬ ಸರಿ ಇದೆ ಅಂತ ಖಾತ್ರಿಯಾದ್ಮೇಲೆ ಪೋರ್ಟ್, ಅಂದ್ರೆ ಆ ಡಬ್ಬದೊಳಗೆ ಹೋಗೋ ನಂಬರ್ ಹಾಕಿದ ಬಾಗಿಲು, ನೋಡಿ. ವಿಂಡೋಸ್ ಫೈಲ್ ಶೇರಿಂಗ್ ಓಡೋದು ಟಿಸಿಪಿ 445ರಲ್ಲಿ. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡ್‌ಗೆ ನ್ಯಾಸ್ ಐಪಿ ಮತ್ತು ಪೋರ್ಟ್ 445 ಕೊಡಿ, ಟ್ರೂ ಅಂತ ಬಂದ್ರೆ ದಾರಿ ತೆರೆದಿದೆ. ಪಿಂಗ್ ಆಗ್ತಿದೆ ಆದ್ರೆ 445 ಫಾಲ್ಸ್ ಅಂದ್ರೆ ನ್ಯಾಸ್‌ನಲ್ಲಿ ಎಸ್‌ಎಂಬಿ ಸರ್ವಿಸ್ (ಇದೇ ವಿಂಡೋಸ್ ಫೈಲ್ ಶೇರಿಂಗ್) ನಿಂತಿರಬಹುದು, ಮಧ್ಯದಲ್ಲಿ ಆಂಟಿವೈರಸ್ ಅಥವಾ ಫೈರ್‌ವಾಲ್ ತಡೀತಿರಬಹುದು, ಇಲ್ಲಾ ನ್ಯಾಸ್ ನಿಮ್ಮ ಸರ್ವರ್‌ನೇ ಬ್ಲಾಕ್ ಮಾಡಿರಬಹುದು. ಈ ಕೊನೆಯದ್ದನ್ನ ತುಂಬಾ ಜನ ನೋಡೋದೇ ಇಲ್ಲ. ಸಿನಾಲಜಿ, ಕ್ಯೂನ್ಯಾಪ್ ಎರಡೂ ಕಂಪನಿ ನ್ಯಾಸ್‌ಗಳಲ್ಲಿ ತಪ್ಪು ಪಾಸ್‌ವರ್ಡ್ ಪದೇ ಪದೇ ಬಂದ್ರೆ ಆ ಐಪಿನೇ ಬ್ಲಾಕ್ ಲಿಸ್ಟ್‌ಗೆ ಹಾಕೋ ಸೆಟ್ಟಿಂಗ್ ಇದೆ, ಹಳೇ ಪಾಸ್‌ವರ್ಡ್ ಇಟ್ಕೊಂಡಿರೋ ಬ್ಯಾಕಪ್ ಜಾಬ್ ಮತ್ತೆ ಮತ್ತೆ ಟ್ರೈ ಮಾಡಿ ಸರ್ವರ್‌ನೇ ಬ್ಲಾಕ್ ಮಾಡಿಸಿರತ್ತೆ. ಪಾಸ್‌ವರ್ಡ್ ಸರಿ ಮಾಡಿದ್ಮೇಲೂ ಆಗ್ತಿಲ್ಲ ಅಂದ್ರೆ ನ್ಯಾಸ್‌ನ ಸೆಕ್ಯೂರಿಟಿ ಪೇಜ್‌ಗೆ ಹೋಗಿ ಆ ಲಿಸ್ಟ್ ನೋಡಿ.

ಐಪಿ ಹಾಕಿದ್ರೆ ಓಪನ್ ಆಗತ್ತೆ, ಹೆಸರು ಹಾಕಿದ್ರೆ ಆಗಲ್ಲ ಅಂದ್ರೆ ಹೆಸರಿಗೆ ಐಪಿ ಹುಡುಕಿಕೊಡೋ ಡಿಎನ್‌ಎಸ್ ತೊಂದರೆ, ಎನ್‌ಎಸ್‌ಲುಕಪ್ ಮಾಡಿ ಹೆಸರಿಗೆ ಯಾವ ಐಪಿ ಬರ್ತಿದೆ ನೋಡಿ ಸರಿ ಮಾಡಿ, ಅಷ್ಟೇ.

ಅಪ್‌ಡೇಟ್ ಆದ್ಮೇಲೆ ನಿಂತೋಯ್ತು ಅಂದ್ರೆ

ನ್ಯಾಸ್ ಮುಟ್ಟಿಲ್ಲ, ಸರ್ವರ್ ಮಾತ್ರ ಹೊಸದು ಹಾಕಿದ್ವಿ, ಅಲ್ಲಿಂದ ಆಗ್ತಿಲ್ಲ ಅಂತ ಹೇಳೋರು ಜಾಸ್ತಿ. ಇದಕ್ಕೆ ಕಾರಣ ಇದೆ. ಹಳೇ ನ್ಯಾಸ್‌ಗಳು ಎಸ್‌ಎಂಬಿ 1 ಅನ್ನೋ ಹಳೇ ಪ್ರೋಟೋಕಾಲ್ ಮಾತ್ರ ಮಾತಾಡ್ತಾವೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ರ‍್ಯಾನ್ಸಮ್‌ವೇರ್ (ಫೈಲ್‌ಗಳನ್ನ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ಜಗತ್ತೆಲ್ಲ ಹರಡಿದ್ದು ಇದೇ ಎಸ್‌ಎಂಬಿ 1ರಲ್ಲಿದ್ದ ತೂತಿಂದ, ಅದಕ್ಕೆ ಪ್ಯಾಚ್ ಆ ಮಾರ್ಚ್‌ನಲ್ಲೇ ಬಂದಿತ್ತು, ಹಾಕ್ಕೊಳ್ಳದೇ ಇದ್ದೋರು ಸಿಕ್ಕಿಬಿದ್ರು. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ 1709 ವರ್ಷನ್‌ನಿಂದ, ಸರ್ವರ್ ಕಡೆ 2019ರಿಂದ, ಹೊಸದಾಗಿ ಇನ್‌ಸ್ಟಾಲ್ ಮಾಡಿದ್ರೆ ಎಸ್‌ಎಂಬಿ 1 ಸಾಮಾನ್ಯವಾಗಿ ಇರಲ್ಲ, ಕೆಲವು ಎಡಿಷನ್‌ಗಳಲ್ಲಿ ಬಂದ್ರೂ ಬಳಸದಿದ್ರೆ ತಾನೇ ಹೋಗತ್ತೆ. ವಿಂಡೋಸ್ ಫೀಚರ್ಸ್‌ಗೆ ಹೋಗಿ ಅದನ್ನ ಮತ್ತೆ ಆನ್ ಮಾಡಿ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಮಾಡ್ಬೇಡಿ, ಬ್ಯಾಕಪ್ ಉಳಿಸೋಕೆ ಹೋಗಿ ಆಫೀಸ್ ಬಾಗಿಲು ತೆಗೆದಿಟ್ಟ ಹಾಗಾಗತ್ತೆ. ನ್ಯಾಸ್ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಅದರ ಎಸ್‌ಎಂಬಿ ಸೆಟ್ಟಿಂಗ್‌ನಲ್ಲಿ ಕನಿಷ್ಠ 2, ಗರಿಷ್ಠ 3 ಇಡಿ. ಅಪ್‌ಡೇಟೇ ಸಿಗದಷ್ಟು ಹಳೇ ನ್ಯಾಸ್ ಆದ್ರೆ ಅದನ್ನ ಬದಲಾಯಿಸೋ ಹೊತ್ತು ಬಂದಿದೆ.

ಇತ್ತೀಚಿನದ್ದು ಅಂದ್ರೆ ವಿಂಡೋಸ್ 11ರ 24ಎಚ್2 ಮತ್ತು ಸರ್ವರ್ 2025. ಇವು ಹೊರಗಿನ ಶೇರ್‌ಗೆ ಕನೆಕ್ಟ್ ಆಗುವಾಗ ಎಸ್‌ಎಂಬಿ ಸೈನಿಂಗ್, ಅಂದ್ರೆ ಮಧ್ಯದಲ್ಲಿ ಯಾರೂ ತಿದ್ದಿಲ್ಲ ಅಂತ ತೋರಿಸೋ ಡಿಜಿಟಲ್ ಸಹಿ, ಇರ್ಲೇಬೇಕು ಅಂತ ಕೇಳ್ತಾವೆ. ಗೆಸ್ಟ್ ಲಾಗಿನ್‌ನಲ್ಲಿ ಸೈನಿಂಗ್ ಆಗಲ್ಲ. ಹಾಗಾಗಿ ಪಾಸ್‌ವರ್ಡ್ ಇಲ್ದೇ ಎಲ್ಲರಿಗೂ ಓಪನ್ ಇಟ್ಟಿದ್ದ ನ್ಯಾಸ್ ಶೇರ್‌ಗಳೆಲ್ಲ ಹೊಸ ಸರ್ವರ್‌ನಿಂದ ಒಂದೇ ಸಲ ನಿಂತುಹೋಗ್ತಾವೆ. ಸರಿಯಾದ ಪರಿಹಾರ ನ್ಯಾಸ್‌ನಲ್ಲಿ ಒಂದು ಯೂಸರ್ ಮಾಡಿ ಪಾಸ್‌ವರ್ಡ್ ಕೊಟ್ಟು ಸೈನಿಂಗ್ ಆನ್ ಮಾಡೋದು. ಸರ್ವರ್‌ನಲ್ಲಿ ಸೆಕ್ಯೂರಿಟಿ ಆಫ್ ಮಾಡೋದಲ್ಲ.

ಬ್ಯಾಕಪ್ ಯಾರ ಹೆಸರಲ್ಲಿ ಓಡ್ತಿದೆ

ಇಲ್ಲೇ ಅತಿ ಹೆಚ್ಚು ಜನ ಸಿಕ್ಕಾಕೊಳ್ಳೋದು, ಸ್ವಲ್ಪ ನಿಧಾನವಾಗಿ ನೋಡೋಣ. ನೀವು ನ್ಯಾಸ್ ಫೋಲ್ಡರ್‌ನ ಝಡ್ ಡ್ರೈವ್ ಅಂತ ಮ್ಯಾಪ್ ಮಾಡಿರ್ತೀರ. ಆ ಝಡ್ ಇರೋದು ನಿಮ್ಮ ಲಾಗಿನ್ ಸೆಷನ್‌ಗೆ ಮಾತ್ರ. ರಾತ್ರಿ ಸರ್ವಿಸ್ ಆಗಿ ಓಡೋ ಬ್ಯಾಕಪ್‌ಗೆ ಝಡ್ ಅನ್ನೋದೇ ಇಲ್ಲ. ಅದಕ್ಕೆ ಬ್ಯಾಕಪ್ ಜಾಬ್‌ನಲ್ಲಿ ಡ್ರೈವ್ ಅಕ್ಷರ ಯಾವತ್ತೂ ಹಾಕ್ಬೇಡಿ, ಎರಡು ಬ್ಯಾಕ್‌ಸ್ಲ್ಯಾಶ್ ಇಂದ ಶುರುವಾಗೋ ಪೂರ್ತಿ ಪಾತ್ ಹಾಕಿ, ನ್ಯಾಸ್ ಹೆಸರು, ಆಮೇಲೆ ಶೇರ್ ಹೆಸರು.

ಇನ್ನು ಅಕೌಂಟ್. ಎಷ್ಟೋ ಬ್ಯಾಕಪ್ ಸಾಫ್ಟ್‌ವೇರ್‌ಗಳು ಲೋಕಲ್ ಸಿಸ್ಟಮ್ ಅನ್ನೋ ಅಕೌಂಟ್‌ನಲ್ಲಿ ಓಡ್ತಾವೆ. ಸರ್ವರ್ ಒಳಗೆ ಅದಕ್ಕೆ ಎಲ್ಲಾ ಅಧಿಕಾರ ಇದೆ, ಆದ್ರೆ ನ್ಯಾಸ್ ಬಾಗಿಲಿಗೆ ಹೋದಾಗ ಅದು ಯಾರೂ ಅಲ್ಲ. ಡೊಮೇನ್ ಇದ್ರೆ (ಎಲ್ಲಾ ಲಾಗಿನ್ ಒಂದೇ ಕಡೆಯಿಂದ ನಡೆಯೋ ನೆಟ್‌ವರ್ಕ್) ಸರ್ವರ್‌ನ ಕಂಪ್ಯೂಟರ್ ಅಕೌಂಟ್ ಹೆಸರಲ್ಲಿ ಹೋಗತ್ತೆ, ವರ್ಕ್‌ಗ್ರೂಪ್ ಆದ್ರೆ (ಪ್ರತಿ ಕಂಪ್ಯೂಟರ್‌ಗೂ ಅದರದ್ದೇ ಲಾಗಿನ್) ಹೆಸರೇ ಇಲ್ದೇ ಹೋಗತ್ತೆ, ನ್ಯಾಸ್ ಒಳಗೆ ಬಿಡಲ್ಲ. ಇದನ್ನ ಕಣ್ಣಾರೆ ನೋಡ್ಬೇಕು ಅಂದ್ರೆ ಮೈಕ್ರೋಸಾಫ್ಟ್‌ನ ಸಿಸ್ಇಂಟರ್ನಲ್ಸ್ ಟೂಲ್‌ಗಳಲ್ಲಿ ಪಿಎಸ್‌ಎಕ್ಸೆಕ್ ಅಂತ ಒಂದಿದೆ, ಅಡ್ಮಿನ್ ಆಗಿ ಓಪನ್ ಮಾಡಿದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಅದಕ್ಕೆ ಎಸ್ ಸ್ವಿಚ್ ಹಾಕಿ ಸಿಎಂಡಿ ಓಪನ್ ಮಾಡಿ (psexec -s cmd). ಬಂದ ಪ್ರಾಂಪ್ಟ್‌ನಲ್ಲಿ ಹೂಆಮ್‌ಐ (whoami) ಅಂತ ಹೊಡೆದ್ರೆ ನಿಮ್ಮ ಹೆಸರು ಬರಲ್ಲ, ಸಿಸ್ಟಮ್ ಅಂತ ಬರತ್ತೆ. ಅಲ್ಲಿಂದ ಡಿಐಆರ್ ಕೊಟ್ಟು ನ್ಯಾಸ್ ಪಾತ್ ಹಾಕಿ. ಆಕ್ಸೆಸ್ ಡಿನೈಡ್ ಅಂತ ಬಂತಾ, ರಾತ್ರಿ ಬ್ಯಾಕಪ್‌ಗೆ ಆಗ್ತಿರೋದು ಅದೇ, ಹಗಲಲ್ಲೇ ನಿಮ್ಮ ಕಣ್ಮುಂದೆ ಆಗ್ತಿದೆ.

ಸ್ಕ್ರಿಪ್ಟ್ ಬರೆದು ಟಾಸ್ಕ್ ಶೆಡ್ಯೂಲರ್‌ನಲ್ಲಿ ಹಾಕಿದ್ರೆ ಇನ್ನೊಂದು ಚೆಕ್‌ಬಾಕ್ಸ್ ನೋಡಿ. ಯೂಸರ್ ಲಾಗಿನ್ ಆಗಿರ್ಲಿ ಬಿಡ್ಲಿ ಓಡ್ಬೇಕು ಅನ್ನೋ ಆಯ್ಕೆ ಕೆಳಗೆ ಪಾಸ್‌ವರ್ಡ್ ಸ್ಟೋರ್ ಮಾಡ್ಬೇಡ ಅಂತ ಒಂದು ಟಿಕ್ ಇರತ್ತೆ. ಅದನ್ನ ಹಾಕಿದ್ರೆ ಆ ಟಾಸ್ಕ್‌ಗೆ ಲೋಕಲ್ ಫೈಲ್ ಮಾತ್ರ ಸಿಗತ್ತೆ, ನೆಟ್‌ವರ್ಕ್ ಸಿಗಲ್ಲ. ಅದನ್ನ ತೆಗೀರಿ. ಸ್ಕ್ರಿಪ್ಟ್ ಒಳಗೆ ಪಾಸ್‌ವರ್ಡ್ ಬರೆದಿದ್ರೆ, ಅದರಲ್ಲಿ ಪರ್ಸೆಂಟ್ ಚಿಹ್ನೆ ಇದ್ರೆ ಬ್ಯಾಚ್ ಫೈಲ್‌ನಲ್ಲಿ ಅದನ್ನ ಎರಡು ಸಲ ಹಾಕ್ಬೇಕು, ಇಲ್ಲಾಂದ್ರೆ ಕೈಯಲ್ಲಿ ಟೈಪ್ ಮಾಡಿದಾಗ ಸರಿಹೋಗೋ ಪಾಸ್‌ವರ್ಡ್ ಸ್ಕ್ರಿಪ್ಟ್‌ನಲ್ಲಿ 1326 ಕೊಡತ್ತೆ. ಪಾಸ್‌ವರ್ಡ್‌ನ ಸ್ಕ್ರಿಪ್ಟ್‌ನಲ್ಲಿ ಇಡದೇ ಇರೋದೇ ಒಳ್ಳೇದು ಬಿಡಿ.

1219 ಬಂದ್ರೆ ಒಂದೇ ಸೆಷನ್‌ನಿಂದ ಅದೇ ನ್ಯಾಸ್‌ಗೆ ಈಗಾಗ್ಲೇ ಬೇರೆ ಯೂಸರ್ ಹೆಸರಲ್ಲಿ ಕನೆಕ್ಷನ್ ಇದೆ ಅಂತ, ವಿಂಡೋಸ್ ಒಂದೇ ಹೆಸರಿನ ಸರ್ವರ್‌ಗೆ ಎರಡು ಯೂಸರ್ ಒಪ್ಪಲ್ಲ. ನೆಟ್ ಯೂಸ್ ಕೊಟ್ಟು ಇರೋ ಕನೆಕ್ಷನ್ ನೋಡಿ, ಬೇಡದ್ದನ್ನ ಡಿಲೀಟ್ ಸ್ವಿಚ್ ಹಾಕಿ ತೆಗೀರಿ, ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಕೂತಿರೋ ಹಳೇ ಪಾಸ್‌ವರ್ಡ್‌ನೂ ತೆಗೀರಿ.

ಇಷ್ಟೆಲ್ಲ ತಲೆನೋವು ಬೇಡ ಅಂದ್ರೆ ನ್ಯಾಸ್‌ನಲ್ಲಿ ಬ್ಯಾಕಪ್‌ಗೆ ಅಂತಲೇ ಒಂದು ಯೂಸರ್ ಮಾಡಿ, ಆ ಒಂದು ಶೇರ್ ಬಿಟ್ಟು ಬೇರೆ ಎಲ್ಲಿಗೂ ಬಿಡ್ಬೇಡಿ, ಮ್ಯಾನೇಜರ್ ಪಾಸ್‌ವರ್ಡ್ ಬದಲಾಯಿಸಿದ್ರು ಅಂತ ಬ್ಯಾಕಪ್ ನಿಲ್ಲೋದು ತಪ್ಪತ್ತೆ. ಪರ್ಮಿಷನ್ ಕೊಡುವಾಗ ಶೇರ್ ಪರ್ಮಿಷನ್ ಮತ್ತು ಫೋಲ್ಡರ್ ಪರ್ಮಿಷನ್ ಎರಡೂ ನೋಡಿ, ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯತ್ತೆ. ಬರೆಯೋಕೆ ಮಾತ್ರ ಅಲ್ಲ, ಹಳೇ ಬ್ಯಾಕಪ್ ಅಳಿಸೋ ಸಾಫ್ಟ್‌ವೇರ್ ಆದ್ರೆ ಡಿಲೀಟ್‌ಗೂ ಪರ್ಮಿಷನ್ ಬೇಕು. ಅಡ್ಮಿನ್ ಲಾಗಿನ್‌ನ ಮಾತ್ರ ಬ್ಯಾಕಪ್‌ಗೆ ಕೊಡ್ಬೇಡಿ, ಸರ್ವರ್‌ಗೆ ರ‍್ಯಾನ್ಸಮ್‌ವೇರ್ ಬಂದ್ರೆ ಅದೇ ಲಾಗಿನ್ ಹಿಡ್ಕೊಂಡು ನ್ಯಾಸ್‌ಗೂ ಹೋಗತ್ತೆ. ಹಾಗೇ ನ್ಯಾಸ್ ಪೇಜ್‌ನ ಇಂಟರ್ನೆಟ್‌ಗೆ ಓಪನ್ ಇಡ್ಬೇಡಿ, 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನೋ ರ‍್ಯಾನ್ಸಮ್‌ವೇರ್ ಹೊಡೆದಿದ್ದು ಹಾಗೆ ಇಂಟರ್ನೆಟ್‌ಗೆ ನೇರ ತೆರೆದಿದ್ದ ಕ್ಯೂನ್ಯಾಪ್ ಡಬ್ಬಗಳನ್ನೇ.

ಶುರುವಾಗತ್ತೆ, ಮುಗಿಯಲ್ಲ

ಜಾಗ ನೋಡಿ. ಹಳೇ ಫೈಲ್ ಅಳಿಸಿದ್ರೂ ಜಾಗ ಬಂದಿಲ್ಲ ಅಂದ್ರೆ ನ್ಯಾಸ್‌ನ ರೀಸೈಕಲ್ ಬಿನ್ ಮತ್ತು ಸ್ನ್ಯಾಪ್‌ಶಾಟ್ (ಹಳೇ ಸ್ಥಿತಿ ಹಾಗೇ ಉಳಿಸಿಡೋ ಪ್ರತಿ) ಅದನ್ನ ಹಿಡ್ಕೊಂಡಿರ್ತಾವೆ, ಯೂಸರ್ ಕೋಟಾ ಕೂಡ ಚೆಕ್ ಮಾಡಿ. ವಿಂಡೋಸ್ ಸರ್ವರ್ ಬ್ಯಾಕಪ್ ಬಳಸೋರಿಗೆ ಒಂದು ಮುಖ್ಯ ಮಾತು, ನೆಟ್‌ವರ್ಕ್ ಶೇರ್‌ಗೆ ಹಾಕಿದ್ರೆ ಅದು ಒಂದೇ ಒಂದು ಕಾಪಿ ಇಡತ್ತೆ, ಪ್ರತಿ ಸಲ ಹಳೇದರ ಮೇಲೇ ಬರೆಯತ್ತೆ. ಮಧ್ಯದಲ್ಲಿ ಕನೆಕ್ಷನ್ ಕಟ್ಟಾದ್ರೆ ಹೊಸದೂ ಇಲ್ಲ, ಹಳೇದೂ ಇಲ್ಲ ಅನ್ನೋ ಸ್ಥಿತಿ ಬರಬಹುದು. ನ್ಯಾಸ್‌ನಲ್ಲಿ ಐಸ್ಕಸಿ (iSCSI, ನ್ಯಾಸ್ ಜಾಗವನ್ನ ನೆಟ್‌ವರ್ಕ್ ಮೂಲಕ ಡಿಸ್ಕ್ ಆಗಿ ಕೊಡೋ ವ್ಯವಸ್ಥೆ) ಇದ್ರೆ ಅದನ್ನ ಸರ್ವರ್‌ಗೆ ಡಿಸ್ಕ್ ತರಹ ಕೊಡಿ, ಆಗ ಹಳೇ ವರ್ಷನ್‌ಗಳೂ ಉಳೀತಾವೆ.

ಸ್ಪೀಡ್ ಬಿದ್ದಿದ್ರೆ ಕೇಬಲ್ ನೋಡಿ. ಗಿಗಾಬಿಟ್ ಲಿಂಕ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹೋಗತ್ತೆ, 500 ಜಿಬಿ ಒಂದೂಕಾಲು ಗಂಟೆಯಲ್ಲಿ ಮುಗಿಯತ್ತೆ. ಕೇಬಲ್‌ನ ಒಂದು ಜೋಡಿ ತಂತಿ ಹೋದ್ರೆ ಲಿಂಕ್ 100 ಎಂಬಿಪಿಎಸ್‌ಗೆ ಇಳಿಯತ್ತೆ, ಅದೇ 500 ಜಿಬಿಗೆ ಹನ್ನೆರಡು ಗಂಟೆ ಮೇಲೆ ಬೇಕು, ಬೆಳಿಗ್ಗೆ ಎಲ್ಲರೂ ಆಫೀಸ್‌ಗೆ ಬಂದಾಗ್ಲೂ ಬ್ಯಾಕಪ್ ಓಡ್ತಾನೇ ಇರತ್ತೆ. ಇನ್ನು ಫೋಲ್ಡರ್ ಲಿಸ್ಟ್ ಬರತ್ತೆ, ಸಣ್ಣ ಫೈಲ್ ಹೋಗತ್ತೆ, ದೊಡ್ಡ ಫೈಲ್ ಹಾಕಿದ ಕೂಡಲೇ ನಿಂತೋಗತ್ತೆ ಅಂದ್ರೆ ಯಾರೋ ಜಂಬೋ ಫ್ರೇಮ್ (ಒಂದೇ ಸಲ ಮಾಮೂಲಿ 1500 ಬೈಟ್‌ಗಿಂತ ದೊಡ್ಡ ತುಂಡು ಕಳಿಸೋ ಸೆಟ್ಟಿಂಗ್) ಆನ್ ಮಾಡಿದ್ದಾರಾ ನೋಡಿ, ಸರ್ವರ್, ಸ್ವಿಚ್, ನ್ಯಾಸ್ ಮೂರರಲ್ಲೂ ಒಂದೇ ಸೆಟ್ಟಿಂಗ್ ಇರ್ಬೇಕು, ಇಲ್ಲಾ ಮೂರರಲ್ಲೂ 1500ಕ್ಕೆ ವಾಪಸ್ ಇಡಿ.

ಲಿನಕ್ಸ್ ಸರ್ವರ್ ಇದ್ರೆ ಒಂದೇ ಎಚ್ಚರಿಕೆ ಹೇಳ್ತೀನಿ. ನ್ಯಾಸ್ ಮೌಂಟ್ ಆಗದೇ ಇದ್ದಾಗ, ಅಂದ್ರೆ ಸರ್ವರ್‌ನ ಒಂದು ಫೋಲ್ಡರ್‌ಗೆ ಜೋಡಣೆ ಆಗದೇ ಇದ್ದಾಗ, ಆ ಫೋಲ್ಡರ್ ಖಾಲಿ ಫೋಲ್ಡರ್ ಆಗಿ ಅಲ್ಲೇ ಇರತ್ತೆ, ನಿಮ್ಮ ಸ್ಕ್ರಿಪ್ಟ್ ಅದಕ್ಕೇ ಬರೀತಾ ಹೋಗತ್ತೆ, ಎರರ್ ಬರಲ್ಲ, ಸರ್ವರ್‌ನ ಸ್ವಂತ ಡಿಸ್ಕ್ ತುಂಬಿ ಸರ್ವರ್‌ರೇ ನಿಲ್ಲತ್ತೆ. ಸ್ಕ್ರಿಪ್ಟ್‌ನ ಶುರುವಿನಲ್ಲೇ ಮೌಂಟ್‌ಪಾಯಿಂಟ್ ಕಮಾಂಡ್ ಹಾಕಿ, ಮೌಂಟ್ ಇಲ್ಲ ಅಂದ್ರೆ ಅಲ್ಲೇ ನಿಂತು ಮೇಲ್ ಕಳಿಸೋ ಹಾಗೆ ಮಾಡಿ.

ಸರಿ ಮಾಡಿದ್ಮೇಲೆ ಟೆಸ್ಟ್ ಮಾಡುವಾಗ ಸ್ಕ್ರಿಪ್ಟ್ ಮೇಲೆ ಡಬಲ್ ಕ್ಲಿಕ್ ಮಾಡ್ಬೇಡಿ, ಅದು ಮತ್ತೆ ನಿಮ್ಮ ಹೆಸರಲ್ಲೇ ಓಡತ್ತೆ. ಶೆಡ್ಯೂಲರ್ ಒಳಗಿಂದ ರನ್ ಕೊಡಿ, ಲಾಗ್ ಆಫ್ ಆಗಿ, ಮಾರನೇ ದಿನ ನ್ಯಾಸ್‌ನಲ್ಲಿ ಫೈಲ್ ತಾರೀಖು ಮತ್ತು ಸೈಜ್ ನೋಡಿ. ಆಮೇಲೆ 20ನೇ ತಾರೀಖಿನ ಜಿಎಸ್‌ಟಿ ಗಡಿಬಿಡಿ ಇಲ್ಲದ ದಿನ ನೋಡ್ಕೊಂಡು, ಟ್ಯಾಲಿ ಕಂಪನಿ ಫೋಲ್ಡರ್ ಒಂದನ್ನ ಬ್ಯಾಕಪ್‌ನಿಂದ ಬೇರೆ ಕಂಪ್ಯೂಟರ್‌ಗೆ ರಿಸ್ಟೋರ್ ಮಾಡಿ, ಟ್ಯಾಲಿಯಲ್ಲಿ ಓಪನ್ ಮಾಡಿ, ಕೊನೇ ವೋಚರ್ ತಾರೀಖು ಬ್ಯಾಕಪ್ ಆದ ದಿನಕ್ಕೆ ಸರಿಹೋಗತ್ತಾ ಅಂತ ಅಕೌಂಟೆಂಟ್ ಹತ್ರ ಕೇಳಿ.