ಐಸ್‌ಕ್ರೀಂ ಕಡ್ಡಿಯಲ್ಲಿ ಬಾಯಿ ಬಿಡಿಸಿಕೊಂಡೆ

ಬಾಯಿ ಕ್ಯಾನ್ಸರ್‌ಗೆ ಆಪರೇಷನ್, ರೇಡಿಯೇಷನ್ ಎರಡೂ ಕಂಡವರಿಗೆ ದವಡೆ ಬಿಗಿತದ ಬಗ್ಗೆ ನಾನು ಹೇಳಬೇಕಾಗಿಲ್ಲ. ನನ್ನದು ಎಡಗೆನ್ನೆಯ ಕ್ಯಾನ್ಸರ್. ಚನ್ನಗಿರಿ ಕಡೆಯವನು, ತಂಬಾಕು ಮುಟ್ಟಿದವನಲ್ಲ, ಬರೀ ಅಡಿಕೆ. ಬರೀ ಅಡಿಕೆಗೆ ಕ್ಯಾನ್ಸರ್ ಬರಲ್ಲ ಅನ್ನೋರು ನಮ್ಮೂರಲ್ಲಿ ಇವತ್ತಿಗೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು ಅಡಿಕೆಯನ್ನು ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರೋದು ಖಚಿತ ಅನ್ನೋ ಪಟ್ಟಿಗೆ ಸೇರಿಸಿ 20 ವರ್ಷದ ಮೇಲಾಯಿತು. ಇರಲಿ, ನಮ್ಮದೂ ಎರಡೆಕರೆ ಅಡಿಕೆ ತೋಟ ಇದೆ, ಜಾಸ್ತಿ ಮಾತಾಡಲ್ಲ.

ರೇಡಿಯೇಷನ್ ಮುಗಿದು ಕೆಲವು ತಿಂಗಳಿಗೆ ಬಾಯಿ ತೆರೆಯೋದು 12 ಮಿ.ಮೀ. ಆಸುಪಾಸಿಗೆ ಬಂತು. ಮೂರು ಬೆರಳು ಹಿಡಿಸಬೇಕಾದ ಕಡೆ ಒಂದೂ ಸಲೀಸಾಗಿ ಹೋಗ್ತಿರಲಿಲ್ಲ. ಇಡ್ಲಿ ಕಿವುಚಿ ತಳ್ಳೋದು, ಗಂಜಿ ಕುಡಿಯೋದು. ಇನ್ನು ಬಿಡಲ್ಲ, ಮತ್ತೆ ಕೊಯ್ದು ಬಿಡಿಸಬೇಕು ಅಂತ ಒಬ್ಬರು ಹೇಳಿಯೂ ಆಯಿತು. ಬಾಯಿ ಬಿಡಿಸೋ ವಿದೇಶಿ ಉಪಕರಣದ ಬೆಲೆ ವಿಚಾರಿಸಿದೆ, 30 ಸಾವಿರದ ಆಚೆ. ಸಾವಿರದೈನೂರು ಚಿಲ್ಲರೆಗೆ ತಿರುಪಿನ ಸ್ಟೀಲ್ ಸಾಧನ ತಂದೆ. ಅದರ ಭಾರವೆಲ್ಲ ಮುಂದಿನ ಹಲ್ಲಿನ ಮೇಲೆ ಬಿದ್ದು ಒಂದು ಅಲುಗಾಡಿತು. ರೇಡಿಯೇಷನ್ ಬಿದ್ದ ದವಡೆಯಲ್ಲಿ ಹಲ್ಲು ಕೀಳಿಸಿದರೆ ಮೂಳೆ ಮಾಯದೇ ಹೋಗಬಹುದು, ಗೊತ್ತಲ್ಲ. ಅಟ್ಟಕ್ಕೆ ಹಾಕಿದೆ. ಬಡಗಿಯ ಹತ್ತಿರ ತೇಗದಲ್ಲಿ, ಹಲ್ಲಿನ ಮಧ್ಯೆ ತಿರುಗಿಸೋಕೆ, ಬುಗುರಿ ಆಕಾರದ ತಿರುಪು ಮಾಡಿಸಿದ್ದೂ ಆಯಿತು. ಸೀಳಿತು, 300 ರೂಪಾಯಿ ದಂಡ. ದವಡೆ ಆಡಲಿ ಅಂತ ಹಾಕಿಕೊಂಡ ಚ್ಯೂಯಿಂಗ್ ಗಮ್, ರೇಡಿಯೇಷನ್‌ಗೆ ಎಂಜಲು ಬತ್ತಿದ ಒಣಬಾಯಿಗೆ ಮೆತ್ತಿಕೊಂಡಿದ್ದೇ ಬಂತು.

ಕೊನೆಗೆ ಸ್ಟೇಷನರಿ ಅಂಗಡಿಯ ಐಸ್‌ಕ್ರೀಂ ಕಡ್ಡಿ, 50ರ ಪ್ಯಾಕೆಟ್ 40 ರೂಪಾಯಿ. ಒಂದು ಕಡ್ಡಿ 2 ಮಿ.ಮೀ.ಗೆ ಸ್ವಲ್ಪ ಕಡಿಮೆ. ಮೊದಲು ಬಿಸಿ ಟವೆಲ್ ಶಾಖ, ಆಮೇಲೆ ಆಪರೇಷನ್ ಆಗದ ಕಡೆ ದವಡೆಹಲ್ಲಿನ ಮಧ್ಯೆ ಒಂದರ ಮೇಲೊಂದು ಜೋಡಿಸಿದ ಕಡ್ಡಿಗಳ ಕಟ್ಟು ಇಡೋದು, ಅರ್ಧ ನಿಮಿಷ ಹಿಡಿದು ಬಿಡೋದು. ದಿನಕ್ಕೆ ಐದಾರು ಸಲ. ಎಳೆತ ಗೊತ್ತಾಗಬೇಕು, ಕಣ್ಣಲ್ಲಿ ನೀರು ಬರಬಾರದು. ವಾರಕ್ಕೆ ಒಂದು ಕಡ್ಡಿಗಿಂತ ಜಾಸ್ತಿ ಏರಿಸಲಿಲ್ಲ, ಎಷ್ಟೋ ವಾರ ಅದೂ ಇಲ್ಲ. ಹೊಸ ಕಡ್ಡಿಯನ್ನು ಮೇಲೆ ಇಡಬಾರದು, ಕಟ್ಟಿನ ನಡುವೆ ತೂರಿಸಬೇಕು. ಅದಕ್ಕೊಂದು ಕೈಚಳಕ ಇದೆ, ಬರೆದರೆ ತಿಳಿಯಲ್ಲ, ಎದುರಿಗೆ ಸಿಕ್ಕವರಿಗೆ ತೋರಿಸ್ತೀನಿ. ಪ್ರತಿ ಕಡ್ಡಿಯ ಮೇಲೂ ಪೆನ್ಸಿಲ್‌ನಲ್ಲಿ ತಾರೀಕು ಬರೆದಿಟ್ಟಿದ್ದೆ. ಮನೆಯವರು ಹುಚ್ಚು ಅಂದರು.

ಇದರ ಮಧ್ಯೆ ಒಣಬಾಯಿಗೂ ಏನೇನೋ ಮಾಡಿದೆ. ಜೇನುತುಪ್ಪ ಉರಿಸಿತು. ಮಲಗುವಾಗ ಅರ್ಧ ಚಮಚ ತುಪ್ಪ ಬಾಯಲ್ಲಿ ಆಡಿಸೋದು ನನಗೆ ಒಗ್ಗಿತು. ಮುದ್ದೆ ಅಗಿಯೋ ಹಾಗಿಲ್ಲ, ನುಂಗಿದರಾಯಿತು ಅಂದುಕೊಂಡಿದ್ದೆ, ಒಣಗಂಟಲಲ್ಲಿ ಸಿಕ್ಕಿಕೊಳ್ತಿತ್ತು. ಬಸ್ಸಾರಿನಲ್ಲಿ ಮುಳುಗಿಸಿದ ಮೇಲೆ ಇಳಿಯಿತು.

ಸುಮಾರು ಎಂಟು ತಿಂಗಳಿಗೆ ಹದಿನೇಳೋ ಹದಿನೆಂಟೋ ಕಡ್ಡಿ ಹಿಡಿಸಿತು. ಒಂದು ಸಲ ಕ್ಯಾನ್ಸರ್ ಬಂದ ಬಾಯಲ್ಲಿ ಇನ್ನೊಂದು ಹುಟ್ಟೋ ಅಪಾಯ ಇದ್ದೇ ಇದೆ; ಮೊದಲೆಲ್ಲ ಚೆಕಪ್‌ನಲ್ಲಿ ಟಾರ್ಚ್ ಬಿಟ್ಟರೂ ಹಿಂದಿನ ಭಾಗ ಕಾಣ್ತಿರಲಿಲ್ಲ. ಈ ಸಲ ಡಾಕ್ಟರು ಕನ್ನಡಿ ಒಳಗೆ ಇಟ್ಟು ಪೂರ್ತಿ ನೋಡಿದರು, ಸ್ಕೇಲ್ ಹಿಡಿದು 31 ಮಿ.ಮೀ. ಅಂದರು, ಕಡ್ಡಿಕಟ್ಟನ್ನು ತರಿಸಿಕೊಂಡು ಜೂನಿಯರ್‌ಗಳಿಗೂ ತೋರಿಸಿದರು.

ದವಡೆಗೆ ಪ್ಲೇಟ್ ಹಾಕಿಸಿಕೊಂಡವರು, ಹೊಲಿಗೆ ಹಸಿ ಇರುವವರು ಸರ್ಜನ್ನರನ್ನು ಕೇಳದೆ ಕಡ್ಡಿ ಮುಟ್ಟಬೇಡಿ. ಬಾಯಿ ಬಿಟ್ಟಿತಲ್ಲ ಅಂತ ನಿಲ್ಲಿಸಲೂಬೇಡಿ. ಮದುವೆ ಓಡಾಟದಲ್ಲಿ ನಾನು ಕೆಲವು ದಿನ ಬಿಟ್ಟಿದ್ದಕ್ಕೆ ಎರಡು ಕಡ್ಡಿ ಹಿಂದಕ್ಕೆ ಹೋಯಿತು, ವಾಪಸ್ ತರೋಕೆ ತಿಂಗಳು ಹಿಡಿಯಿತು.